ಹಲಗೆಯ ನೆಲ

ಕಾಸ್ತ್ರೋ ಪಟ್ಟಣದ ಕಚೇರಿಗೆ,
ದುರಸ್ತಿ ವಿಭಾಗದ ಯಜಮಾನರಿಗೆ.
ನಿಮ್ಮ ಕಾಗದ ಮಂಗಳವಾರದ ದೋಣಿಯಲ್ಲಿ ಬಂತು,
ಅಂಚು ತುಸು ಒದ್ದೆಯಾಗಿ.
ನಮ್ಮ ಶಾಲೆಯ ಹಲಗೆ ನೆಲ ಕಿತ್ತು
ಸಿಮೆಂಟು ಹಾಕಿಸುತ್ತೀರಂತೆ, ಮೇಲೆ ಹಸಿರು ಟೈಲು.
ಉಪಕಾರವಾಯಿತು.
ಆದರೆ ಬೇಡ.

ಬೇಡವೆನ್ನುವವರು ಕಾರಣ ಬರೆಯಲು
ನೀವು ಬಿಟ್ಟಿರುವ ಜಾಗ ಎರಡು ಗೆರೆ.
ಅದಕ್ಕೇ ಕಾಗದದ ಬೆನ್ನಿಗೆ ಬರೆಯುತ್ತಿದ್ದೇನೆ.

ಹನ್ನೊಂದು ಮಕ್ಕಳು, ಒಂದೇ ಕೋಣೆ,
ಒಂದರಿಂದ ಆರನೆಯವರೆಗೆ ನಾನೊಬ್ಬಳೇ.
ಮಾರ್ಚಿನಲ್ಲಿ ಎಲ್ಸಿರಾ ಬಂದಳು,
ಚಿಕ್ಕಪ್ಪನ ದೋಣಿಯಲ್ಲಿ, ಆಲೂಗಡ್ಡೆ ಮೂಟೆಗಳ ನಡುವಿಂದ ಎದ್ದು.
ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು.
ಮುಂದಿನ ಬೆಂಚು ಕೊಟ್ಟೆ,
ನನ್ನ ಪಾಲಿನದು ಮುಗಿಯಿತೆಂದುಕೊಂಡೆ.
ಆಮೇಲೆ ಕರಿಹಲಗೆಗೆ ಮುಖ, ಅವಳಿಗೆ ಬೆನ್ನು ಮಾಡಿ
ಮೂರು ವಾರ ಮಗ್ಗಿ ಹೇಳಿದೆ.
ಬೆನ್ನಿಗೆ ತುಟಿ ಇರುವುದಿಲ್ಲ, ಸ್ವಾಮಿ.
ಇಪ್ಪತ್ತಾರು ವರ್ಷ ಪಾಠ ಮಾಡಿದವಳಿಗೆ ಇದು ಹೊಳೆಯಲಿಲ್ಲ.

ಹಿಂದಿನ ಸಾಲಲ್ಲಿ ನಿವಾಲ್ಡೊ ರೆಮೊಲ್ಕೊಯ್.
ಅಕ್ಷರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ.
ಕೂತಲ್ಲಿ ಕೂರದವನು, ನೆಲ ಒದೆಯುವವನು:
ಧಡ್. ಧಡ್ ಧಡ್.
ಒಲೆಯ ಮೇಲಿನ ಕೆಟಲು ಕೂಡ ಮುಚ್ಚಳ ಕುಣಿಸುತ್ತಿತ್ತು.
ಎರಡು ಸಲ ಹೇಳಿ ನೋಡಿದೆ. ಮೂರನೆಯ ಸಲ
ಹೊರಗೆ ನಿಲ್ಲಿಸಿದೆ, ಸೂರಿನಡಿ, ಮಳೆಯ ಎರಚಲಿಗೆ.
ಬಾಗಿಲ ಗಾಜಿನಾಚೆ ನಿಂತಿದ್ದ.
ಏನೂ ಹೇಳಲಿಲ್ಲ.
ಅವನು ಹೇಳುವವನಲ್ಲ.

ಮರುದಿನ ಹಾಜರಿ.
ಎಲ್ಸಿರಾ ನಾವೆಲ್ಕೀನ್, ಎಂದೆ, ತಗ್ಗಿಸಿದ ತಲೆ ಎತ್ತದೆ.
ಹಿಂದಿನಿಂದ ಧಡ್.
ಬಯ್ಯಲು ತಲೆಯೆತ್ತಿದೆ.
ಎತ್ತಿದ್ದು ಒಳ್ಳೆಯದಾಯಿತು:
ಅವಳ ಕೈ ಮೇಲಿತ್ತು.

ಅಂಗಾಲಿನಿಂದ ಕೇಳಿಸಿಕೊಂಡಿದ್ದಳು.
ಗೋಡೆಗೆ ಕಿವಿ ಅನ್ನುತ್ತಾರಲ್ಲ, ನಮ್ಮಲ್ಲಿ ನೆಲಕ್ಕೆ.
ಒಂದು ಒದೆತವೆಂದರೆ ನಿನ್ನ ಹೆಸರು.
ಎರಡು, ಟೀಚರು ನಿನ್ನನ್ನೇ ನೋಡುತ್ತಿದ್ದಾಳೆ, ಹುಷಾರು.
ಮೂರು, ಊಟ.
ಮೂರು ವಾರದಿಂದ ಅವರೊಳಗೆ ಶಾಲೆ ನಡೆದೇ ಇತ್ತು,
ಹೊರಗಿದ್ದವಳು ನಾನೊಬ್ಬಳು.

ಈಗ ನಾನೂ ಕಲಿತಿದ್ದೇನೆ, ತಪ್ಪುತ್ತಾ.
ಮಾತಿಗೆ ಮೊದಲು ಹಿಮ್ಮಡಿ ಕುಟ್ಟುತ್ತೇನೆ,
ಆಮೇಲೆ ಮುಖ ತಿರುಗಿಸುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.
ಸನ್ನೆಯ ಭಾಷೆ ಕಲಿಸುವ ಹುಡುಗಿ ತಿಂಗಳಿಗೊಮ್ಮೆ ಬರುತ್ತಾಳೆ,
ಕಡಲು ಬಿಟ್ಟರೆ.
ಬಿಡದಿದ್ದಾಗ ನಾವೇ ಕಟ್ಟಿಕೊಳ್ಳುತ್ತೇವೆ.
ನನಗೆ ಅವರಿಟ್ಟ ಹೆಸರು
ತೋಳಿನಿಂದ ಮೂಗೊರೆಸಿಕೊಳ್ಳುವುದು.
ಎಷ್ಟು ವರ್ಷದಿಂದ ಹಾಗೆ ಮಾಡುತ್ತಿದ್ದೆನೋ, ಯಾರೂ ಹೇಳಿರಲಿಲ್ಲ.

ಎಲ್ಸಿರಾ ದೇವತೆಯೇನಲ್ಲ.
ಚಿವುಟುತ್ತಾಳೆ, ಪಕ್ಕದವರ ಲೆಕ್ಕ ಕದಿಯುತ್ತಾಳೆ,
ಬೈದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ,
ಅಲ್ಲಿಗೆ ನನ್ನ ಬೈಗುಳ ಸಮಾಪ್ತಿ.
ನಿವಾಲ್ಡೊನಿಗೆ ಬೆ ಮತ್ತು ದೆ ಅಕ್ಷರಗಳ ಹೊಟ್ಟೆ
ಯಾವ ಕಡೆಗೆಂದು ಇನ್ನೂ ಗೊತ್ತಿಲ್ಲ.
ಅವನಿಗಾಗಿ ಯಾವ ನೆಲವನ್ನು ಒದೆಯಬೇಕೋ
ನಾನು ಇನ್ನೂ ಹುಡುಕುತ್ತಿದ್ದೇನೆ.

ಈ ಹಲಗೆಗಳನ್ನು ಹಾಸಿದ್ದು ಅವನ ತಾತನ ಕಾಲದವರು,
ಊರಿಗೆ ಊರೇ ಸೇರಿ, ಎತ್ತುಗಳಿಂದ ಮರ ಎಳೆಸಿ.
ಒಂದೊಂದು ಹಲಗೆ ಗೋಡೆಯಿಂದ ಗೋಡೆಗೆ,
ನಡುವೆ ತುಂಡಿಲ್ಲ.
ಈ ಬದಿಯ ಮಾತು ಆ ಬದಿಗೆ ಹೋಗುವುದು ಅದಕ್ಕೇ.
ಸಿಮೆಂಟು ಗಟ್ಟಿ, ಒಪ್ಪುತ್ತೇನೆ.
ಇಲಿ ಕೊರೆಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ.
ಒದ್ದರೆ ಮಾತ್ರ ಕಾಲು ನೋಯುತ್ತದೆ,
ಸುದ್ದಿ ಮುಟ್ಟುವುದಿಲ್ಲ.

ಒಲೆಯಿಂದ ಮೂರನೆಯ ಹಲಗೆ ಸಡಿಲವಾಗಿದೆ.
ನಾಲ್ಕು ಉದ್ದ ಮೊಳೆ ಕಳಿಸಿ, ಸಾಕು.
ಸುತ್ತಿಗೆ ನಮ್ಮಲ್ಲಿದೆ.
ಬಡಿಯುವ ಹೊತ್ತಿಗೆ
ಎಲ್ಸಿರಾಳನ್ನು ಅಂಗಳಕ್ಕೆ ಕಳಿಸುತ್ತೇನೆ.
ಇಲ್ಲದಿದ್ದರೆ ಅವಳು ಪ್ರತಿ ಏಟಿಗೂ
ಹಾಜರೆಂದು ಕೈಯೆತ್ತುತ್ತಾಳೆ.

ಇತಿ,
ಒತೀಲಿಯಾ ಬರ್ರೀಯಾ, ಶಿಕ್ಷಕಿ